‘ಆಗೊಮ್ಮೆ ಈಗೊಮ್ಮೆ’ ಬೀಳುವ ಆ್ಯಪನ್ನು ಎಡಿಬಿಯಿಂದ ಹಿಡಿಯುವ ಬಗೆ

ಮೊಬೈಲ್ ಆ್ಯಪ್‌ಗಳ ದೋಷ ಹುಡುಕುವುದು ನನ್ನ ನಿತ್ಯದ ಕೆಲಸ. ‘ಆ್ಯಪ್ ತೆರೆಯುವುದೇ ಇಲ್ಲ’ ಎಂಬ ದೂರು ಬಂದರೆ ನನಗೆ ಚಿಂತೆಯಿಲ್ಲ; ತೆರೆದು ನೋಡಿದರೆ ಕಣ್ಣೆದುರೇ ಬೀಳುತ್ತದೆ, ಸರಿಪಡಿಸಬಹುದು. ನಿದ್ದೆ ಕೆಡಿಸುವುದು ‘ಆಗೊಮ್ಮೆ ಈಗೊಮ್ಮೆ ನಿಂತುಹೋಗುತ್ತದೆ’ ಎಂಬ ದೂರು. ಆ್ಯಪ್ ಬರೆದವರ ಫೋನಿನಲ್ಲಿ ಚೆನ್ನಾಗಿ ನಡೆಯುತ್ತದೆ, ಬಳಸುವವರ ಫೋನಿನಲ್ಲಿ ಬೀಳುತ್ತದೆ, ಇಬ್ಬರೂ ಹೇಳುವುದು ನಿಜ. ಇಂಥ ದೋಷವನ್ನು ‘ಪ್ರತಿ ಸಲವೂ’ ಬೀಳುವಂತೆ ಮಾಡಿಬಿಟ್ಟರೆ ಕೆಲಸ ಮುಕ್ಕಾಲು ಮುಗಿದಂತೆಯೇ. ಅದಕ್ಕೆ ನನ್ನ ಕೈಯಲ್ಲಿರುವ ಮುಖ್ಯ ಉಪಕರಣ ಎಡಿಬಿ, ಅಂದರೆ ಆಂಡ್ರಾಯ್ಡ್ ಡಿಬಗ್ ಬ್ರಿಡ್ಜ್; ಕಂಪ್ಯೂಟರಿನಿಂದ ಆಂಡ್ರಾಯ್ಡ್ ಫೋನಿಗೆ ಕಮಾಂಡ್ ಕೊಡುವ ತಂತ್ರಾಂಶ.

ಒಂದು ದೂರನ್ನೇ ಹಿಡಿದುಕೊಂಡು ಹೇಳುತ್ತೇನೆ. ಖರ್ಚಿನ ಲೆಕ್ಕ ಬರೆಯುವ ಒಂದು ಆ್ಯಪ್. ಬಿಲ್ಲಿನ ಫೋಟೋ ತೆಗೆಯಲು ಅದರೊಳಗಿಂದ ಕ್ಯಾಮೆರಾ ತೆರೆದು, ಫೋಟೋ ತೆಗೆದು ಮರಳಿದರೆ ಕೆಲವೊಮ್ಮೆ ಆ್ಯಪ್ ಮುಚ್ಚಿಕೊಳ್ಳುತ್ತದೆ. ದೂರಿನಲ್ಲಿದ್ದದ್ದು ಇಷ್ಟೇ.

ಕಮಾಂಡ್‌ಗಳನ್ನು ಇಲ್ಲಿ ಉಚ್ಚಾರದಂತೆ ಕನ್ನಡದಲ್ಲೇ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ (ಕಂಪ್ಯೂಟರಿಗೆ ಕಮಾಂಡ್ ಬರೆದು ಕೊಡುವ ಕಿಟಕಿ) ಅವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಬೇಕು. ನಾನು ‘ದೊಡ್ಡಕ್ಷರ’ ಎಂದು ಹೇಳದ ಕಡೆ ಎಲ್ಲವೂ ಸಣ್ಣಕ್ಷರ. ಗೆರೆ, ಚುಕ್ಕಿ, ನಕ್ಷತ್ರದಂಥ ಗುರುತುಗಳು ಕಂಡಂತೆಯೇ ಇರಲಿ.

ಜೋಡಿಸುವುದು

ಗೂಗಲ್ ಕೊಡುವ ‘ಪ್ಲಾಟ್‌ಫಾರ್ಮ್ ಟೂಲ್ಸ್’ ಎಂಬ ಚಿಕ್ಕ ಕಟ್ಟಿನಲ್ಲಿ ಎಡಿಬಿ, ಫಾಸ್ಟ್‌ಬೂಟ್ ಎರಡೂ ಇರುತ್ತವೆ. ಆಂಡ್ರಾಯ್ಡ್ ಸ್ಟುಡಿಯೋ ಪೂರ್ತಿ ಹಾಕಿಕೊಳ್ಳುವ ಅಗತ್ಯವಿಲ್ಲ. ಫೋನಿನಲ್ಲಿ ಸೆಟ್ಟಿಂಗ್ಸ್ ತೆರೆದು ‘ಬಿಲ್ಡ್ ನಂಬರ್’ ಇರುವ ಸಾಲನ್ನು 7 ಬಾರಿ ಒತ್ತಿದರೆ ‘ಡೆವಲಪರ್ ಆಪ್ಷನ್ಸ್’ ಕಾಣಿಸಿಕೊಳ್ಳುತ್ತದೆ. ಅದರಲ್ಲಿ ‘ಯುಎಸ್‌ಬಿ ಡಿಬಗ್ಗಿಂಗ್’ ಆನ್ ಮಾಡಿ. ಕೇಬಲ್ ಜೋಡಿಸಿ, ಇದನ್ನು ಓಡಿಸಿ:

ಎಡಿಬಿ ಡಿವೈಸಸ್ -ಎಲ್

ಉತ್ತರದಲ್ಲಿ ಫೋನಿನ ಸರಣಿ ಸಂಖ್ಯೆ, ಅದರ ಮುಂದೆ ಸ್ಥಿತಿ ಬರುತ್ತದೆ. ‘ಡಿವೈಸ್’ ಎಂದಿದ್ದರೆ ಮುಂದುವರಿಯಬಹುದು. ‘ಅನ್‌ಆಥರೈಸ್ಡ್’ ಎಂದಿದ್ದರೆ ಫೋನಿನ ಪರದೆ ನೋಡಿ. ಈ ಕಂಪ್ಯೂಟರಿನಿಂದ ಯುಎಸ್‌ಬಿ ಡಿಬಗ್ಗಿಂಗ್‌ಗೆ ಅನುಮತಿ ಕೊಡಬೇಕೇ ಎಂಬ ಪ್ರಶ್ನೆ ನಿಮ್ಮ ಉತ್ತರಕ್ಕೆ ಕಾಯುತ್ತಿರುತ್ತದೆ. ಲಿನಕ್ಸ್‌ನಲ್ಲಿ ‘ನೋ ಪರ್ಮಿಷನ್ಸ್’ ಎಂದು ಬಂದರೆ ಕಂಪ್ಯೂಟರಿನ ಯುಡೆವ್ ನಿಯಮಗಳು (ಜೋಡಿಸಿದ ಸಾಧನವನ್ನು ಯಾರು ಬಳಸಬಹುದೆಂದು ಹೇಳುವವು) ಆ ಫೋನಿಗೆ ಅನುಮತಿ ಕೊಟ್ಟಿಲ್ಲ ಎಂದರ್ಥ. ಪಟ್ಟಿಯೇ ಖಾಲಿ ಇದ್ದರೆ ಬೇರೆಲ್ಲವನ್ನೂ ಬಿಟ್ಟು ಮೊದಲು ಕೇಬಲ್ ಬದಲಿಸಿ. ಚಾರ್ಜ್ ಮಾತ್ರ ಮಾಡುವ, ಡೇಟಾ ಸಾಗಿಸದ ಕೇಬಲ್‌ಗಳು ಎಲ್ಲ ಡ್ರಾಯರ್‌ಗಳಲ್ಲೂ ಇರುತ್ತವೆ. ಡ್ರೈವರ್ ತೆಗೆದು ಹಾಕಿ, ಕಂಪ್ಯೂಟರ್ ಮರುಪ್ರಾರಂಭಿಸಿ ಹೈರಾಣಾದವರಲ್ಲಿ ಎಷ್ಟೋ ಮಂದಿಗೆ ಬೇಕಾಗಿದ್ದದ್ದು ಇನ್ನೊಂದು ಕೇಬಲ್ ಅಷ್ಟೇ.

ಎಡಿಬಿಯ ಒಳರಚನೆ ಸ್ವಲ್ಪ ತಿಳಿದಿದ್ದರೆ ಒಂದು ವಿಚಿತ್ರ ತೊಂದರೆ ಅರ್ಥವಾಗುತ್ತದೆ. ನೀವು ಟೈಪ್ ಮಾಡುವ ಕಮಾಂಡ್ ನೇರವಾಗಿ ಫೋನಿಗೆ ಹೋಗುವುದಿಲ್ಲ. ನಿಮ್ಮ ಕಂಪ್ಯೂಟರಿನಲ್ಲೇ ಹಿನ್ನೆಲೆಯಲ್ಲಿ ಒಂದು ಎಡಿಬಿ ಸರ್ವರ್ 5037ನೇ ಪೋರ್ಟ್‌ನಲ್ಲಿ ಕುಳಿತಿರುತ್ತದೆ. ಅದು ಫೋನಿನೊಳಗಿನ ಎಡಿಬಿಡಿ ಎಂಬ ಕಾರ್ಯಕ್ರಮದೊಂದಿಗೆ ಮಾತಾಡುತ್ತದೆ. ಕಂಪ್ಯೂಟರಿನಲ್ಲಿ ಎರಡು ಬೇರೆ ಬೇರೆ ಆವೃತ್ತಿಯ ಎಡಿಬಿ ಇದ್ದರೆ, ಒಂದು ಎದ್ದಾಗ ಇನ್ನೊಂದರ ಸರ್ವರನ್ನು ಕೊಲ್ಲುತ್ತದೆ. ಸಂಪರ್ಕ ಕಾರಣವಿಲ್ಲದೆ ಪದೇ ಪದೇ ಕಡಿದುಹೋಗುತ್ತಿದ್ದರೆ, ‘ಸರ್ವರ್ ಆವೃತ್ತಿ ಹೊಂದುತ್ತಿಲ್ಲ, ಕೊಲ್ಲುತ್ತಿದ್ದೇನೆ’ ಎಂಬರ್ಥದ ಸಾಲು ಕಾಣುತ್ತಿದ್ದರೆ ಇದೇ ಕಾರಣ. ಒಂದೇ ಪ್ರತಿ ಉಳಿಸಿಕೊಂಡು ‘ಎಡಿಬಿ ಕಿಲ್-ಸರ್ವರ್’ ಓಡಿಸಿ. ಮುಂದಿನ ಕಮಾಂಡ್ ಸರ್ವರನ್ನು ತಾನೇ ಎಬ್ಬಿಸುತ್ತದೆ.

ಒಂದಕ್ಕಿಂತ ಹೆಚ್ಚು ಫೋನ್ ಜೋಡಿಸಿದ್ದರೆ ‘-ಎಸ್’ ಬರೆದು ಸರಣಿ ಸಂಖ್ಯೆ ಕೊಡಬೇಕು. ಪ್ರತಿ ಸಲ ಬರೆಯುವ ಬದಲು ‘ಆಂಡ್ರಾಯ್ಡ್_ಸೀರಿಯಲ್’ ಎಂಬ ಪರಿಸರ ಚರಕ್ಕೆ (ಟರ್ಮಿನಲ್ ನೆನಪಿಟ್ಟುಕೊಳ್ಳುವ ಬೆಲೆ; ಹೆಸರು ಪೂರ್ತಿ ದೊಡ್ಡಕ್ಷರದಲ್ಲಿ) ಆ ಸಂಖ್ಯೆ ಕೊಟ್ಟುಬಿಟ್ಟರೆ ಆ ಟರ್ಮಿನಲ್ ಕಿಟಕಿ ಪೂರ್ತಿ ಅದೇ ಫೋನಿಗೆ ಸೀಮಿತವಾಗುತ್ತದೆ. ತಪ್ಪು ಫೋನಿನ ಡೇಟಾ ಅಳಿಸುವ ಅಪಾಯ ಇದರಿಂದ ತಪ್ಪುತ್ತದೆ.

ಕೇಬಲ್ ಬೇಡವೆಂದರೆ ಆಂಡ್ರಾಯ್ಡ್ 11 ಮತ್ತು ನಂತರದ ಫೋನ್‌ಗಳಲ್ಲಿ ‘ವೈರ್‌ಲೆಸ್ ಡಿಬಗ್ಗಿಂಗ್’ ಇದೆ. ಅಲ್ಲಿ ಜೋಡಣೆಯ ಕೋಡ್ ಕೇಳಿದರೆ ವಿಳಾಸ, ಪೋರ್ಟ್, 6 ಅಂಕಿಯ ಸಂಖ್ಯೆ ತೋರಿಸುತ್ತದೆ. ‘ಎಡಿಬಿ ಪೇರ್ ವಿಳಾಸ:ಪೋರ್ಟ್’ ಕೊಟ್ಟು ಸಂಖ್ಯೆ ಬರೆಯಿರಿ, ನಂತರ ‘ಎಡಿಬಿ ಕನೆಕ್ಟ್ ವಿಳಾಸ:ಪೋರ್ಟ್’. ಎರಡು ಕಡೆಯ ಪೋರ್ಟ್ ಬೇರೆ ಬೇರೆ. ಎರಡನೆಯದನ್ನು ವೈರ್‌ಲೆಸ್ ಡಿಬಗ್ಗಿಂಗ್‌ನ ಮುಖ್ಯ ಪರದೆಯಲ್ಲೇ ನೋಡಬೇಕು.

ಏನನ್ನೂ ಮುಟ್ಟುವ ಮುನ್ನ ಲಾಗ್

ಆ್ಯಪ್ ಬಿದ್ದ ಕೂಡಲೇ ಜನ ಮಾಡುವ ಮೊದಲ ಕೆಲಸ ಅದನ್ನು ತೆಗೆದು ಮತ್ತೆ ಹಾಕುವುದು. ಎರಡನೆಯದು ಫೋನ್ ಮರುಪ್ರಾರಂಭಿಸುವುದು. ಎರಡೂ ಸಾಕ್ಷ್ಯ ನಾಶ. ದಯವಿಟ್ಟು ಹಾಗೆ ಮಾಡಬೇಡಿ. ಬಿದ್ದ ಸ್ಥಿತಿಯಲ್ಲೇ ಕೇಬಲ್ ಜೋಡಿಸಿ ಮೊದಲು ಲಾಗನ್ನು, ಅಂದರೆ ಫೋನ್ ಒಳಗೊಳಗೇ ಬರೆದಿಡುವ ದಾಖಲೆಯನ್ನು, ಈ ಎರಡರಿಂದ ಇಳಿಸಿಕೊಳ್ಳಿ:

ಎಡಿಬಿ ಲಾಗ್‌ಕ್ಯಾಟ್ -ಡಿ > ಪೂರ್ತಿ.ಟಿಎಕ್ಸ್‌ಟಿ
ಎಡಿಬಿ ಲಾಗ್‌ಕ್ಯಾಟ್ -ಬಿ ಕ್ರ್ಯಾಶ್ -ಡಿ > ಬಿದ್ದದ್ದು.ಟಿಎಕ್ಸ್‌ಟಿ

‘-ಡಿ’ ಎಂದರೆ ಇರುವುದನ್ನೆಲ್ಲ ಸುರಿದು ನಿಲ್ಲು ಎಂದು. ಅದಿಲ್ಲದಿದ್ದರೆ ಲಾಗ್ ಹರಿಯುತ್ತಲೇ ಇರುತ್ತದೆ. ಫೋನಿನ ಲಾಗ್ ಒಂದೇ ಕಡೆ ಇಲ್ಲ. ಮೇನ್, ಸಿಸ್ಟಮ್, ಇವೆಂಟ್ಸ್, ರೇಡಿಯೋ, ಕ್ರ್ಯಾಶ್ ಎಂಬ ಬೇರೆ ಬೇರೆ ತಾತ್ಕಾಲಿಕ ಸಂಗ್ರಹಗಳು, ಅಂದರೆ ಬಫರ್‌ಗಳಿವೆ. ಎಲ್ಲದಕ್ಕೂ ಗಾತ್ರದ ಮಿತಿ ಇದೆ, ತುಂಬಿದಾಗ ಹಳೆಯ ಸಾಲುಗಳು ಅಳಿಯುತ್ತವೆ. ಮೇನ್ ಬಫರ್ ಗದ್ದಲದ ಫೋನಿನಲ್ಲಿ ಬೇಗ ತುಂಬಿಹೋಗುತ್ತದೆ. ಕ್ರ್ಯಾಶ್ ಬಫರಿಗೆ ಮಾತ್ರ ಬೀಳುವಿಕೆಗಳಷ್ಟೇ ಸೇರುವುದರಿಂದ ಎಷ್ಟೋ ಹೊತ್ತಿನ ನಂತರವೂ ಅಲ್ಲಿ ಸಾಕ್ಷಿ ಸಿಗುತ್ತದೆ. ‘ನಿನ್ನೆ ಸಂಜೆ ಬಿತ್ತು’ ಎಂದವರ ಫೋನಿನಲ್ಲೂ ಅದನ್ನು ಕೇಳಿ ನೋಡಿ. ಪರೀಕ್ಷೆಯ ಫೋನ್‌ಗಳಲ್ಲಿ ‘ಎಡಿಬಿ ಲಾಗ್‌ಕ್ಯಾಟ್ -ಜಿ 16ಎಂ’ (ಜಿ, ಎಂ ಎರಡೂ ದೊಡ್ಡಕ್ಷರ) ಎಂದು ಬಫರ್ ಹಿಗ್ಗಿಸಿ ಇಟ್ಟುಕೊಳ್ಳುವುದು ನನ್ನ ರೂಢಿ.

ಬಿಲ್ಲಿನ ಆ್ಯಪ್‌ನ ಕ್ರ್ಯಾಶ್ ಬಫರಿನಲ್ಲಿ ಸಿಕ್ಕ ಸಾಲುಗಳ ತಿರುಳು ಹೀಗಿತ್ತು:

ಇ ಆಂಡ್ರಾಯ್ಡ್‌ರನ್‌ಟೈಮ್: ಫೇಟಲ್ ಎಕ್ಸೆಪ್ಷನ್: ಮೇನ್
ಇ ಆಂಡ್ರಾಯ್ಡ್‌ರನ್‌ಟೈಮ್: ಪ್ರೊಸೆಸ್: (ಪ್ಯಾಕೇಜ್ ಹೆಸರು), ಪಿಐಡಿ: 15107
ಇ ಆಂಡ್ರಾಯ್ಡ್‌ರನ್‌ಟೈಮ್: ರನ್‌ಟೈಮ್‌ಎಕ್ಸೆಪ್ಷನ್: ಫೇಲ್ಯೂರ್ ಡೆಲಿವರಿಂಗ್ ರಿಸಲ್ಟ್ …
ಇ ಆಂಡ್ರಾಯ್ಡ್‌ರನ್‌ಟೈಮ್: ಕಾಸ್ಡ್ ಬೈ: ನಲ್‌ಪಾಯಿಂಟರ್‌ಎಕ್ಸೆಪ್ಷನ್
ಇ ಆಂಡ್ರಾಯ್ಡ್‌ರನ್‌ಟೈಮ್: ಆ್ಯಟ್ … (ಬಿಲ್‌ಆಕ್ಟಿವಿಟಿ.ಕೆಟಿ:48)

ಸಾಲಿನ ಮೊದಲಿಗಿರುವ ‘ಇ’ ಎಂದರೆ ಎರರ್. ‘ಮೇನ್’ ಎಂಬುದು ಬಿದ್ದ ಎಳೆಯ (ಥ್ರೆಡ್, ಆ್ಯಪಿನೊಳಗೆ ಓಡುವ ಕೆಲಸದ ಒಂದು ಸಾಲು) ಹೆಸರು, ಅಂದರೆ ಪರದೆಯನ್ನು ನೋಡಿಕೊಳ್ಳುವ ಮುಖ್ಯ ಎಳೆಯೇ ಬಿದ್ದಿದೆ. ಹೊಸಬರು ಇಲ್ಲಿ ಮೊದಲ ಎಕ್ಸೆಪ್ಷನ್ (ಎದ್ದ ದೋಷದ ಹೆಸರು) ಓದಿ ನಿಂತುಬಿಡುತ್ತಾರೆ. ಅದು ಹೊರಗಿನ ಹೊದಿಕೆ ಮಾತ್ರ. ಕೆಳಗಿಳಿದು ಕೊನೆಯ ‘ಕಾಸ್ಡ್ ಬೈ’ ಹುಡುಕಿ, ಅದರ ಕೆಳಗೆ ನಿಮ್ಮದೇ ಪ್ಯಾಕೇಜ್ ಹೆಸರು (ವ್ಯವಸ್ಥೆ ಆ್ಯಪನ್ನು ಗುರುತಿಸುವ ಹೆಸರು) ಇರುವ ಮೊದಲ ಸಾಲಿಗೆ ಬನ್ನಿ. 48ನೇ ಸಾಲು. ಅಲ್ಲಿ ಫೋಟೋ ಉಳಿಸಬೇಕಾದ ಜಾಗದ ವಿಳಾಸ ಒಂದು ಚರದಲ್ಲಿ (ಕೋಡಿನಲ್ಲಿ ಬೆಲೆಯನ್ನು ಹಿಡಿದಿಡುವ ಹೆಸರು) ಇರಬೇಕಿತ್ತು, ಇರಲಿಲ್ಲ. ಆದರೆ ಕ್ಯಾಮೆರಾ ತೆರೆಯುವ ಮುನ್ನ ಅದೇ ಚರಕ್ಕೆ ಬೆಲೆ ಕೊಡುವ ಸಾಲು ಕೋಡಿನಲ್ಲಿ ಸ್ಪಷ್ಟವಾಗಿ ಇತ್ತು. ಕೊಟ್ಟದ್ದು ಎಲ್ಲಿ ಹೋಯಿತು?

ಉತ್ತರ ಪಿಐಡಿಯಲ್ಲಿದೆ. ಓಡುತ್ತಿರುವ ಪ್ರತಿ ಕಾರ್ಯಕ್ರಮಕ್ಕೂ (ಪ್ರೊಸೆಸ್) ವ್ಯವಸ್ಥೆ ಕೊಡುವ ಸಂಖ್ಯೆ ಅದು. ಪೂರ್ತಿ ಲಾಗಿನಲ್ಲಿ ಕ್ಯಾಮೆರಾ ತೆರೆಯುವ ಮುಂಚಿನ ಸಾಲುಗಳಲ್ಲಿ ನಮ್ಮ ಆ್ಯಪಿನ ಪಿಐಡಿ 14382 ಇತ್ತು. ಬಿದ್ದಾಗ 15107. ನಡುವೆ ‘ಆಕ್ಟಿವಿಟಿಮ್ಯಾನೇಜರ್’ ಎಂಬ ಹೆಸರಿನಡಿ ‘ಪ್ರೊಸೆಸ್ ಹ್ಯಾಸ್ ಡೈಡ್’ ಎಂಬ ಸಾಲು, ಅದರೊಂದಿಗೆ 14382. ಕ್ಯಾಮೆರಾಕ್ಕೆ ಮೆಮೊರಿ ಸಾಲದೆ ವ್ಯವಸ್ಥೆಯೇ ಹಿನ್ನೆಲೆಯಲ್ಲಿದ್ದ ನಮ್ಮ ಆ್ಯಪನ್ನು ಕೊಂದಿತ್ತು. ಬಳಕೆದಾರರು ಮರಳಿದಾಗ ಹೊಸದಾಗಿ ಎಬ್ಬಿಸಿ, ಅದೇ ಪರದೆ ತೋರಿಸಿ, ಫೋಟೋದ ಫಲಿತಾಂಶ ಕೈಗಿಟ್ಟಿತ್ತು. ಚರದಲ್ಲಿದ್ದ ವಿಳಾಸ ಮಾತ್ರ ಹಳೆಯ ಪ್ರೊಸೆಸ್‌ನೊಂದಿಗೇ ಹೋಗಿತ್ತು. ಬರೆದವರ ಫೋನಿನಲ್ಲಿ ಮೆಮೊರಿ ಧಾರಾಳವಾಗಿತ್ತು, ಹಾಗಾಗಿ ಅವರಿಗೆ ಇದು ಕಂಡಿರಲೇ ಇಲ್ಲ.

ಎರಡು ಪಿಐಡಿಗಳನ್ನು ಹೋಲಿಸಿ ನೋಡುವ ಈ ಅಭ್ಯಾಸವನ್ನು ದಯವಿಟ್ಟು ಬೆಳೆಸಿಕೊಳ್ಳಿ. ‘ಕೆಲವೊಮ್ಮೆ’ ಎಂಬ ದೂರುಗಳಲ್ಲಿ ಬಹುಪಾಲು ಇಲ್ಲಿಗೇ ಬಂದು ನಿಲ್ಲುವುದನ್ನು ಕಂಡಿದ್ದೇನೆ.

ನೇರವಾಗಿ ಹರಿಯುವ ಲಾಗನ್ನು ಸೋಸುವುದಕ್ಕೆ ಎರಡು ದಾರಿ. ಲಾಗ್ ಸಾಲಿನಲ್ಲಿ ‘ಇ’ ನಂತರ ಬರುವ ಹೆಸರಿನಿಂದ ಸೋಸಲು:

ಎಡಿಬಿ ಲಾಗ್‌ಕ್ಯಾಟ್ ಆಂಡ್ರಾಯ್ಡ್‌ರನ್‌ಟೈಮ್:ಇ '*:ಎಸ್'

ಇಲ್ಲಿ ಆಂಡ್ರಾಯ್ಡ್‌ರನ್‌ಟೈಮ್ ಎಂಬುದರ ಎ, ಆರ್ ಎರಡೂ, ಜೊತೆಗೆ ಇ, ಎಸ್ ದೊಡ್ಡಕ್ಷರ. ಕೊನೆಯದು ‘ಉಳಿದವರೆಲ್ಲ ಸುಮ್ಮನಿರಿ’ ಎಂಬ ಆಜ್ಞೆ. ನಕ್ಷತ್ರಕ್ಕೆ ಉದ್ಧರಣ ಚಿಹ್ನೆ ಹಾಕದಿದ್ದರೆ ಕೆಲವು ಟರ್ಮಿನಲ್‌ಗಳು ಅದನ್ನು ಫೈಲ್ ಹೆಸರೆಂದು ತಿಳಿದು ಜಗಳ ತೆಗೆಯುತ್ತವೆ. ಪ್ರೊಸೆಸ್‌ನಿಂದ ಸೋಸಲು ‘ಎಡಿಬಿ ಶೆಲ್ ಪಿಡ್‌ಆಫ್ ಪ್ಯಾಕೇಜ್-ಹೆಸರು’ ಎಂದು ಸಂಖ್ಯೆ ತಿಳಿದುಕೊಂಡು ‘ಎಡಿಬಿ ಲಾಗ್‌ಕ್ಯಾಟ್ --ಪಿಡ್=14382’ ಎನ್ನಿ. ಆದರೆ ಆ್ಯಪ್ ಸತ್ತು ಮತ್ತೆ ಎದ್ದರೆ ಸಂಖ್ಯೆ ಬದಲಾಗುತ್ತದೆ, ಈ ಸೋಸುವಿಕೆ ಮೌನವಾಗಿಬಿಡುತ್ತದೆ. ನಮ್ಮ ದೂರಿನಂಥದ್ದರಲ್ಲಿ ಇದನ್ನು ನೆಚ್ಚಿಕೊಂಡರೆ ಬಿದ್ದ ಸಾಲುಗಳೇ ಕಾಣುವುದಿಲ್ಲ. ಅದಕ್ಕೇ ನಾನು ಮೊದಲು ಪೂರ್ತಿ ಲಾಗನ್ನು ಫೈಲಿಗೆ ಇಳಿಸಿಕೊಳ್ಳುತ್ತೇನೆ, ಸೋಸುವುದು ಆಮೇಲೆ.

ಪ್ರತಿ ಸಲವೂ ಬೀಳುವಂತೆ ಮಾಡುವುದು

ಕಾರಣದ ಅಂದಾಜು ಸಿಕ್ಕಿತು. ಈಗ ಅದನ್ನು ಬೇಕೆಂದಾಗ ಮಾಡಿ ತೋರಿಸಬೇಕು. ‘ಎಡಿಬಿ ಲಾಗ್‌ಕ್ಯಾಟ್ -ಸಿ’ ಎಂದು ಹಳೆಯ ಲಾಗ್ ಅಳಿಸಿ. ಇಳಿಸಿಕೊಂಡದ್ದು ಆಗಲೇ ನಮ್ಮಲ್ಲಿದೆ. ಆ್ಯಪ್ ತೆರೆದು, ಬಿಲ್ ಸೇರಿಸುವ ಪರದೆಯಿಂದ ಕ್ಯಾಮೆರಾಕ್ಕೆ ಹೋಗಿ. ಕ್ಯಾಮೆರಾ ಮುಂದಿರುವಾಗಲೇ:

ಎಡಿಬಿ ಶೆಲ್ ಎಎಂ ಕಿಲ್ ಪ್ಯಾಕೇಜ್-ಹೆಸರು

‘ಪಿಡ್‌ಆಫ್’ ಓಡಿಸಿ ಉತ್ತರ ಖಾಲಿ ಬಂದರೆ ಪ್ರೊಸೆಸ್ ಹೋಗಿದೆ ಎಂದರ್ಥ. ಈಗ ಫೋಟೋ ತೆಗೆದು ಸರಿ ಎಂದು ಒತ್ತಿ. ಬಿಲ್ಲಿನ ಆ್ಯಪ್ ಪ್ರತಿ ಸಲವೂ ಬಿತ್ತು. ಅಲ್ಲಿಂದ ಮುಂದೆ ಬರೆದವರಿಗೆ ವಿಳಾಸವನ್ನು, ಪ್ರೊಸೆಸ್ ಸತ್ತರೂ ವ್ಯವಸ್ಥೆ ಉಳಿಸಿಡುವ ಸ್ಥಿತಿಗೆ ಸೇರಿಸುವುದಷ್ಟೇ ಉಳಿದಿತ್ತು, ಸರಿಯಾಯಿತೋ ಇಲ್ಲವೋ ಎಂದು ನೋಡಲು ಇದೇ ಕ್ರಮವನ್ನು ಮತ್ತೆ ಓಡಿಸಿದರಾಯಿತು.

ಇಲ್ಲಿ ‘ಎಎಂ ಫೋರ್ಸ್-ಸ್ಟಾಪ್’ ಬಳಸಬೇಡಿ. ಅದು ಆ್ಯಪನ್ನು ಬುಡಸಮೇತ ನಿಲ್ಲಿಸುತ್ತದೆ, ಅದರ ಅಲಾರಂಗಳನ್ನೂ ರದ್ದುಮಾಡುತ್ತದೆ. ಹಳೆಯ ಪರದೆಗೆ ಮರಳುವ ದಾರಿ ಉಳಿಯುವುದಿಲ್ಲ. ‘ಎಎಂ ಕಿಲ್’ ಹಿನ್ನೆಲೆಯಲ್ಲಿದ್ದು ಕೊಲ್ಲಬಹುದಾದ ಪ್ರೊಸೆಸ್ ಅನ್ನು ಮಾತ್ರ ಕೊಲ್ಲುತ್ತದೆ, ಮೆಮೊರಿ ಸಾಲದಾದಾಗ ವ್ಯವಸ್ಥೆ ಮಾಡುವಂತೆಯೇ. ಡೆವಲಪರ್ ಆಪ್ಷನ್ಸ್‌ನಲ್ಲಿರುವ ‘ಡೋಂಟ್ ಕೀಪ್ ಆಕ್ಟಿವಿಟೀಸ್’ ಕೂಡ ಇದಕ್ಕೆ ಸಮವಲ್ಲ. ಅದು ಪರದೆಯನ್ನು ನಾಶಮಾಡುತ್ತದೆ, ಪ್ರೊಸೆಸ್ ಬದುಕಿಯೇ ಇರುತ್ತದೆ.

ಇದೇ ರೀತಿ ಬೇರೆ ಸಂದರ್ಭಗಳನ್ನೂ ಕರೆಯಬಹುದು. ‘ರಾತ್ರಿ ಫೋನ್ ಬಿಟ್ಟರೆ ಬೆಳಗ್ಗೆ ಸಿಂಕ್ ಆಗಿರುವುದಿಲ್ಲ’ ಎಂಬ ದೂರಿಗೆ ರಾತ್ರಿಯಿಡೀ ಕಾಯಬೇಕಿಲ್ಲ. ಆಂಡ್ರಾಯ್ಡ್ 6ರಿಂದ ಇರುವ ‘ಡೋಜ್’ ಎಂಬ ನಿದ್ದೆಯ ಸ್ಥಿತಿಯನ್ನು ಪರದೆ ಆರಿಸಿ ಹೀಗೆ ತರಬಹುದು:

ಎಡಿಬಿ ಶೆಲ್ ಡಂಪ್‌ಸಿಸ್ ಬ್ಯಾಟರಿ ಅನ್‌ಪ್ಲಗ್
ಎಡಿಬಿ ಶೆಲ್ ಡಂಪ್‌ಸಿಸ್ ಡಿವೈಸ್‌ಐಡಲ್ ಫೋರ್ಸ್-ಐಡಲ್

ಮೊದಲನೆಯದು ಕೇಬಲ್ ಇದ್ದರೂ ಇಲ್ಲವೆಂದು ಫೋನನ್ನು ನಂಬಿಸುತ್ತದೆ. ಮುಗಿದ ಮೇಲೆ ‘ಎಡಿಬಿ ಶೆಲ್ ಡಂಪ್‌ಸಿಸ್ ಡಿವೈಸ್‌ಐಡಲ್ ಅನ್‌ಫೋರ್ಸ್’, ‘ಎಡಿಬಿ ಶೆಲ್ ಡಂಪ್‌ಸಿಸ್ ಬ್ಯಾಟರಿ ರೀಸೆಟ್’ ಎರಡನ್ನೂ ಮರೆಯದೆ ಓಡಿಸಿ. ಇಲ್ಲದಿದ್ದರೆ ಆ ಫೋನ್ ಪಡೆದ ಮುಂದಿನವರು ಬ್ಯಾಟರಿ ಕೆಟ್ಟಿದೆ ಎಂದುಕೊಂಡು ಇನ್ನೊಂದು ದೂರು ಬರೆಯುತ್ತಾರೆ.

ಅಕ್ಷರ ದೊಡ್ಡದು ಮಾಡಿಕೊಂಡವರ ಫೋನಿನಲ್ಲಿ ಗುಂಡಿ ಪರದೆಯಾಚೆ ಹೋಗುತ್ತದೆಯೇ? ‘ಎಡಿಬಿ ಶೆಲ್ ಸೆಟ್ಟಿಂಗ್ಸ್ ಪುಟ್ ಸಿಸ್ಟಮ್ ಫಾಂಟ್_ಸ್ಕೇಲ್ 1.3’ ಎಂದು ನೋಡಿ, ನಂತರ 1.0ಕ್ಕೆ ಮರಳಿಸಿ. ಕಣ್ಣು ಮಂಜಾದವರು ಬಳಸಲಾರದ ಆ್ಯಪ್ ಕ್ರ್ಯಾಶ್ ಆಗುವ ಆ್ಯಪಿನಷ್ಟೇ ಕೆಟ್ಟದ್ದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಈ ಪರೀಕ್ಷೆಯನ್ನು ಬಿಡಲು ಸಮಯದ ನೆಪ ಸಲ್ಲದು. ಪರದೆಯ ಸಾಂದ್ರತೆ ಬದಲಿಸಲು ‘ಎಡಿಬಿ ಶೆಲ್ ಡಬ್ಲ್ಯುಎಂ ಡೆನ್ಸಿಟಿ’ ಬರೆದು ಸಂಖ್ಯೆ ಕೊಡಿ, ಮರಳಿಸಲು ‘ಎಡಿಬಿ ಶೆಲ್ ಡಬ್ಲ್ಯುಎಂ ಡೆನ್ಸಿಟಿ ರೀಸೆಟ್’.

ನೆಟ್‌ವರ್ಕ್ ಕಡಿದಾಗ ಏನಾಗುತ್ತದೆಂದು ನೋಡಲು ‘ಎಡಿಬಿ ಶೆಲ್ ಎಸ್‌ವಿಸಿ ವೈಫೈ ಡಿಸೇಬಲ್’, ‘ಎಡಿಬಿ ಶೆಲ್ ಎಸ್‌ವಿಸಿ ಡೇಟಾ ಡಿಸೇಬಲ್’. ವೈರ್‌ಲೆಸ್ ಮೂಲಕ ಜೋಡಿಸಿಕೊಂಡಿರುವಾಗ ಮೊದಲನೆಯದನ್ನು ಓಡಿಸಿದರೆ ಕುಳಿತ ಕೊಂಬೆಯನ್ನೇ ಕಡಿದುಕೊಂಡಂತೆ. ಆಗ ಕೇಬಲ್ ಬೇಕೇ ಬೇಕು. ನಿಮ್ಮ ಕಂಪ್ಯೂಟರಿನಲ್ಲಿ ಓಡುತ್ತಿರುವ ಪರೀಕ್ಷಾ ಸರ್ವರನ್ನು ಫೋನಿನಿಂದ ತಲುಪಲು ‘ಎಡಿಬಿ ರಿವರ್ಸ್ ಟಿಸಿಪಿ:8080 ಟಿಸಿಪಿ:8080’. ಇದಾದ ಮೇಲೆ ಫೋನಿನೊಳಗಿನ ಲೋಕಲ್‌ಹೋಸ್ಟ್ 8080 ಎಂದರೆ ನಿಮ್ಮ ಕಂಪ್ಯೂಟರೇ.

ದೂರಿನೊಂದಿಗೆ ಕಳಿಸಬೇಕಾದದ್ದು

ಪರದೆಯ ಚಿತ್ರಕ್ಕೆ ‘ಎಡಿಬಿ ಎಕ್ಸೆಕ್-ಔಟ್ ಸ್ಕ್ರೀನ್‌ಕ್ಯಾಪ್ -ಪಿ > ಚಿತ್ರ.ಪಿಎನ್‌ಜಿ’. ವಿಂಡೋಸ್‌ನ ಹಳೆಯ ಪವರ್‌ಶೆಲ್‌ನಲ್ಲಿ ಈ ಬಾಣದ ಗುರುತು ಚಿತ್ರವನ್ನು ಕೆಡಿಸುತ್ತದೆ. ಅಲ್ಲಿ ಫೋನಿನೊಳಗೇ ಉಳಿಸಿಕೊಂಡು ‘ಎಡಿಬಿ ಪುಲ್’ ಮಾಡಿ. ವಿಡಿಯೋಗೆ ‘ಎಡಿಬಿ ಶೆಲ್ ಸ್ಕ್ರೀನ್‌ರೆಕಾರ್ಡ್ /ಎಸ್‌ಡಿಕಾರ್ಡ್/ದೋಷ.ಎಂಪಿ4’, ತಾನಾಗಿ ಬಿಟ್ಟರೆ 3 ನಿಮಿಷಕ್ಕೆ ನಿಲ್ಲುತ್ತದೆ. ಫೈಲ್ ಹೆಸರುಗಳನ್ನು ನಿಮಗೆ ಬೇಕಾದಂತೆ ಇಟ್ಟುಕೊಳ್ಳಿ.

ಯಾವ ಸುಳಿವೂ ಇಲ್ಲದಾಗ ‘ಎಡಿಬಿ ಬಗ್‌ರಿಪೋರ್ಟ್’. ಲಾಗ್, ಎಲ್ಲ ಸೇವೆಗಳ ಸ್ಥಿತಿ, ಆ್ಯಪ್ ಸ್ಪಂದಿಸದೆ ನಿಂತಾಗಿನ ಎಳೆಗಳ ವಿವರ, ಎಲ್ಲವನ್ನೂ ಒಂದು ಜಿಪ್ ಫೈಲಿನಲ್ಲಿ ಕಟ್ಟಿಕೊಡುತ್ತದೆ. ಆದರೆ ಅದರಲ್ಲಿ ಫೋನಿನ ಮಾಲೀಕರ ಖಾತೆಗಳು, ಹಾಕಿಕೊಂಡ ಆ್ಯಪ್‌ಗಳು, ಜೋಡಿಸಿಕೊಂಡ ವೈಫೈ ಹೆಸರುಗಳೂ ಇರಬಹುದು. ಇನ್ನೊಬ್ಬರ ಫೋನಿನಿಂದ ತೆಗೆದಾಗ ಅವರಿಗೆ ತಿಳಿಸಿ ತೆಗೆಯಿರಿ, ಎಲ್ಲರೂ ನೋಡುವ ಜಾಗದಲ್ಲಿ ಹಾಕಬೇಡಿ.

ಫಾಸ್ಟ್‌ಬೂಟ್ ಮತ್ತು ಐಫೋನ್

ಫಾಸ್ಟ್‌ಬೂಟ್ ಎಂಬುದು ಆಂಡ್ರಾಯ್ಡ್ ಏಳುವ ಮುಂಚಿನ ಬೂಟ್‌ಲೋಡರ್ ಹಂತದಲ್ಲಿ ಮಾತಾಡುವ ಉಪಕರಣ. ‘ಫಾಸ್ಟ್‌ಬೂಟ್ ಗೆಟ್‌ವಾರ್ ಆಲ್’ ಎಂದು ವಿವರ ಓದುವುದರಿಂದ ತೊಂದರೆಯಿಲ್ಲ. ಬೂಟ್‌ಲೋಡರ್ ಬೀಗ ತೆಗೆದರೆ ಮಾತ್ರ ಫೋನಿನಲ್ಲಿದ್ದ ಡೇಟಾ ಎಲ್ಲ ಅಳಿಸಿಹೋಗುತ್ತದೆ. ಆ್ಯಪ್ ದೋಷ ಹುಡುಕಲು ಇದರ ಅಗತ್ಯ ನನಗೆ ಬಿದ್ದಿಲ್ಲ.

ಐಫೋನಿಗೆ ಎಡಿಬಿ ಇಲ್ಲ, ಆದರೆ ಲಿಬ್‌ಐಮೊಬೈಲ್‌ಡಿವೈಸ್ ಎಂಬ ಮುಕ್ತ ತಂತ್ರಾಂಶ ಲಿನಕ್ಸ್‌ನಲ್ಲೂ ನಡೆಯುತ್ತದೆ. ಕೇಬಲ್ ಜೋಡಿಸಿ, ಫೋನಿನಲ್ಲಿ ‘ಟ್ರಸ್ಟ್’ ಒತ್ತಿ, ‘ಐಡಿವೈಸ್_ಐಡಿ -ಎಲ್’ ಎಂದರೆ ಫೋನಿನ ಗುರುತು ಸಂಖ್ಯೆ ಬರುತ್ತದೆ. ಹರಿಯುವ ಲಾಗಿಗೆ ‘ಐಡಿವೈಸ್‌ಸಿಸ್‌ಲಾಗ್’. ಬಿದ್ದ ವರದಿಗಳನ್ನು ತರಲು ‘ಐಡಿವೈಸ್‌ಕ್ರ್ಯಾಶ್‌ರಿಪೋರ್ಟ್ -ಕೆ’ ಎಂದು ಬರೆದು ಯಾವ ಫೋಲ್ಡರಿಗೆ ಎಂದು ಹೇಳಿ. ಆ ‘-ಕೆ’ ತಪ್ಪಿಸಬೇಡಿ: ಅದಿಲ್ಲದಿದ್ದರೆ ವರದಿಗಳನ್ನು ನಕಲು ಮಾಡಿಕೊಂಡ ಮೇಲೆ ಫೋನಿನಿಂದ ತೆಗೆದುಹಾಕುತ್ತದೆ. ಮ್ಯಾಕ್ ಇದ್ದವರಿಗೆ ಎಕ್ಸ್‌ಕೋಡ್ (ಆ್ಯಪಲ್‌ನ ಆ್ಯಪ್ ಕಟ್ಟುವ ತಂತ್ರಾಂಶ) 15ರಿಂದ ‘ಎಕ್ಸ್‌ಸಿರನ್ ಡಿವೈಸ್‌ಸಿಟಿಎಲ್ ಲಿಸ್ಟ್ ಡಿವೈಸಸ್’ ಸಿಗುತ್ತದೆ. ಸಿಮ್ಯುಲೇಟರಿಗೆ ‘ಎಕ್ಸ್‌ಸಿರನ್ ಸಿಮ್‌ಸಿಟಿಎಲ್’. ಐಒಎಸ್ 16ರಿಂದ ಈಚೆಗೆ ನೀವೇ ಕಟ್ಟಿದ ಆ್ಯಪನ್ನು ಎಕ್ಸ್‌ಕೋಡ್‌ನಿಂದ ಫೋನಿನಲ್ಲಿ ಓಡಿಸಲು ‘ಡೆವಲಪರ್ ಮೋಡ್’ ಕೂಡ ಆನ್ ಇರಬೇಕು.

ಫೋನ್ ಹಿಂದಿರುಗಿಸುವ ಮುನ್ನ ಬದಲಿಸಿದ್ದನ್ನೆಲ್ಲ ಮರಳಿಸಿ: ಬ್ಯಾಟರಿ, ಡೋಜ್, ಅಕ್ಷರದ ಗಾತ್ರ, ವೈಫೈ. ‘ಎಡಿಬಿ ರಿವರ್ಸ್ --ರಿಮೂವ್-ಆಲ್’ ಓಡಿಸಿ. ಆಮೇಲೆ ಡೆವಲಪರ್ ಆಪ್ಷನ್ಸ್‌ನಲ್ಲಿ ‘ರಿವೋಕ್ ಯುಎಸ್‌ಬಿ ಡಿಬಗ್ಗಿಂಗ್ ಆಥರೈಸೇಷನ್ಸ್’ ಒತ್ತಿ ನಿಮ್ಮ ಕಂಪ್ಯೂಟರಿಗೆ ಕೊಟ್ಟ ಒಪ್ಪಿಗೆ ಹಿಂಪಡೆಯಿರಿ, ಯುಎಸ್‌ಬಿ ಡಿಬಗ್ಗಿಂಗ್ ಆಫ್ ಮಾಡಿ.